ಪರದೇಶದ ಯುದ್ಧ, ನಮ್ಮ ಮನೆಯ ನೋಟು



ಕೆಲವು ತಿಂಗಳ ಹಿಂದೆ ಹುಮನಾಬಾದ್ ಕಡೆಯ ಒಬ್ಬ ವಿದ್ಯಾರ್ಥಿ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದ ಹಳೆಯ ನೋಟೊಂದನ್ನು ತರಗತಿಗೆ ತಂದಿದ್ದ. "ಸರ್, ದಾದಾನ ಪೆಟ್ಟಿಗೆಯಲ್ಲಿ ಸಿಕ್ಕಿತು" ಎಂದ. ಅದು ನಿಜಾಮ್ ಸರಕಾರದ ಹತ್ತು ರೂಪಾಯಿಯ ನೋಟು. ಉರ್ದು, ಮರಾಠಿ, ತೆಲುಗಿನ ಜೊತೆ ಅದರ ಮೇಲೆ ಕನ್ನಡದ ಅಕ್ಷರಗಳೂ ಇದ್ದವು. ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವ ನನಗೆ ಅದನ್ನು ನೋಡಿ ಸಂತೋಷವಾಯಿತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ನಿಜಾಮರ ಹತ್ತಿರ ಬೇಕಾದಷ್ಟು ಬೆಳ್ಳಿ ಇತ್ತಂತೆ. ಮತ್ತೆ ಕಾಗದದ ರೂಪಾಯಿ ಯಾಕೆ ಮಾಡಿದರು?"

ಈ ಲೇಖನ ಆ ಪ್ರಶ್ನೆಗೆ ಉತ್ತರ. ಉತ್ತರ ಒಂದೇ ಮಾತಿನಲ್ಲಿದೆ: ಯುದ್ಧ. ಆದರೆ ಆ ಒಂದು ಮಾತನ್ನು ಬಿಡಿಸುತ್ತ ಹೋದರೆ ನಮ್ಮ ದೇಶದ ರಾಜಕೀಯ, ನಮ್ಮ ಸಮಾಜ, ನಮ್ಮ ಶಾಲೆಗಳ ಕಥೆಯೇ ಹೊರಬರುತ್ತದೆ.

ಯುದ್ಧ ಯಾರದು, ಖರ್ಚು ಯಾರದು?

1914ರ ಜುಲೈ ಕೊನೆಯಲ್ಲಿ ಯೂರೋಪಿನಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಭಾರತೀಯರನ್ನು ಯಾರೂ ಕೇಳಲಿಲ್ಲ. ಬ್ರಿಟನ್ ಯುದ್ಧ ಸಾರಿತು, ಅದರ ಜೊತೆಗೆ ಭಾರತವೂ ಯುದ್ಧದಲ್ಲಿ ಸೇರಿಹೋಯಿತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಹೋದರು. 70,000ಕ್ಕೂ ಹೆಚ್ಚು ಮಂದಿ ಮರಳಿ ಬರಲಿಲ್ಲ. 1917ರಲ್ಲಿ ಭಾರತದ ಬೊಕ್ಕಸದಿಂದ ಹತ್ತು ಕೋಟಿ ಪೌಂಡು ಯುದ್ಧದ ಕಾಣಿಕೆಯಾಗಿ ಹೋಯಿತು. ಬೆಲೆಗಳು ಏರಿದವು, ತೆರಿಗೆ ಹೆಚ್ಚಿತು, ಬೆಳ್ಳಿಗೆ ಅಭಾವ ಬಂತು. ಅದೇ ವರ್ಷ ಬ್ರಿಟಿಷ್ ಭಾರತದಲ್ಲಿ ಒಂದು ರೂಪಾಯಿಯ ನೋಟು ಬಂತು. ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಹಾಲಿ ಸಿಕ್ಕಾ ರೂಪಾಯಿಗೆ ಬೆಳ್ಳಿ ಸಾಲದಾದಾಗ 1918ರಲ್ಲಿ ಕಾಯದೆ ಮಾಡಿ ಕಾಗದದ ನೋಟು ಚಲಾವಣೆಗೆ ತಂದರು. ನಮ್ಮ ವಿದ್ಯಾರ್ಥಿಯ ದಾದಾನ ಪೆಟ್ಟಿಗೆಯಲ್ಲಿದ್ದದ್ದು ಆ ವಂಶದ ನೋಟು.

ಅದೇ 1918ರಲ್ಲಿ ಸೈನಿಕರ ಹಡಗುಗಳ ಮೂಲಕ ಮುಂಬಯಿಗೆ ಇನ್‌ಫ್ಲುಯೆಂಜಾ ಬಂತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಯುದ್ಧರಂಗದಲ್ಲಿ ಸತ್ತವರಿಗಿಂತ ಮನೆಯಲ್ಲಿದ್ದು ಸತ್ತವರೇ ನೂರು ಪಟ್ಟು ಹೆಚ್ಚು ಎಂಬುದನ್ನು ನೀವು ಗಮನಿಸಬೇಕು.

ಮನಸ್ಸಿಗೆ ಒಪ್ಪದ ಯುದ್ಧ

ಮೊದಮೊದಲು ಈ ಯುದ್ಧಕ್ಕೆ ಎಲ್ಲರ ವಿರೋಧ ಇರಲಿಲ್ಲ. ಗಾಂಧೀಜಿಯವರೇ 1918ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನ ಸೇರಿಸಲು ಊರೂರು ನಡೆದರು. ಆದರೆ 1914ರ ನವೆಂಬರ್‌ನಲ್ಲಿ ತುರ್ಕಿಯೂ ಬ್ರಿಟನ್ನಿನ ಶತ್ರುಪಾಳಯದಲ್ಲಿ ಯುದ್ಧಕ್ಕೆ ಇಳಿದ ಮೇಲೆ ಭಾರತದ ಮುಸಲ್ಮಾನರ ಪಾಲಿಗೆ ವಿಷಯ ಬೇರೆಯಾಯಿತು. ತುರ್ಕಿಯ ಸುಲ್ತಾನರು ಖಲೀಫರು. ಮಕ್ಕಾ, ಮದೀನಾ, ಬೈತುಲ್ ಮುಖದ್ದಸ್ ಅವರ ಆಡಳಿತದಲ್ಲಿದ್ದವು. ಇಲ್ಲಿನ ಅನೇಕ ಮಸೀದಿಗಳಲ್ಲಿ ಜುಮಾ ಖುತ್ಬಾದಲ್ಲಿ ಅವರ ಹೆಸರು ಓದಲಾಗುತ್ತಿತ್ತು. ಶುಕ್ರವಾರ ಯಾರಿಗಾಗಿ ದುವಾ ಮಾಡಿದ್ದರೋ ಶನಿವಾರ ಅವರ ಸೈನ್ಯದ ಮೇಲೆ ಗುಂಡು ಹಾರಿಸಬೇಕೆಂದರೆ ಸಿಪಾಯಿಯ ಮನಸ್ಸು ಹೇಗಿದ್ದೀತು?

1915ರ ಫೆಬ್ರುವರಿಯಲ್ಲಿ ಸಿಂಗಾಪುರದಲ್ಲಿದ್ದ 5ನೇ ಲೈಟ್ ಇನ್‌ಫಂಟ್ರಿಯ ಸಿಪಾಯಿಗಳು ದಂಗೆ ಎದ್ದರು. ತಮ್ಮನ್ನು ತುರ್ಕರ ವಿರುದ್ಧ ಕಳಿಸುತ್ತಾರೆ ಎಂಬ ವದಂತಿ ಅದಕ್ಕೆ ಒಂದು ಕಾರಣ. ವಾಸ್ತವದಲ್ಲಿ ಅವರಿಗೆ ಬಂದಿದ್ದ ಹುಕುಂ ಹಾಂಕಾಂಗಿಗೆ ಹೋಗಬೇಕೆಂದು! ಹೇಳುವವರು ನಿಜ ಹೇಳದಿದ್ದಾಗ ವದಂತಿಯೇ ಸತ್ಯವಾಗುತ್ತದೆ. 47 ಮಂದಿಯನ್ನು ಸಾರ್ವಜನಿಕವಾಗಿ ಗುಂಡಿಟ್ಟು ಕೊಂದರು.

ದೇಶದೊಳಗೆ ಬಾಯಿ ಮುಚ್ಚಿಸುವ ಕೆಲಸ ನಡೆಯಿತು. ತುರ್ಕರ ಪರವಾಗಿ ಬರೆದದ್ದಕ್ಕೆ ಮೌಲಾನಾ ಮುಹಮ್ಮದ್ ಅಲಿಯವರ 'ಕಾಮ್ರೇಡ್' ಪತ್ರಿಕೆ 1914ರಲ್ಲೇ ನಿಂತುಹೋಯಿತು. ಮೌಲಾನಾ ಆಜಾದರ 'ಅಲ್ ಹಿಲಾಲ್' ಸಹ ಆಗಲೇ ಮುಚ್ಚಿತು. 1915ರಲ್ಲಿ ಭಾರತ ರಕ್ಷಣಾ ಕಾಯದೆ ಬಂತು. ಅಲಿ ಸಹೋದರರನ್ನು 1915ರಿಂದ 1919ರವರೆಗೆ ಬಂಧನದಲ್ಲಿಟ್ಟರು, ಆಜಾದರನ್ನು ರಾಂಚಿಯಲ್ಲಿಟ್ಟರು. ದೇವಬಂದ್‌ನ ಶೈಖುಲ್ ಹಿಂದ್ ಮೌಲಾನಾ ಮಹಮೂದ್ ಹಸನ್ ಅವರನ್ನು ಹಿಜಾಜ್‌ನಲ್ಲಿ ಹಿಡಿದು ಮಾಲ್ಟಾ ದ್ವೀಪಕ್ಕೆ ಸಾಗಿಸಿದರು. ಯುದ್ಧ ಮುಗಿದ ಮೇಲಾದರೂ ಬಿಗಿ ಸಡಿಲಾಯಿತೇ? ಇಲ್ಲ. 1919ರಲ್ಲಿ ರೌಲತ್ ಕಾಯದೆ ತಂದರು. ಅದರ ವಿರೋಧದ ನಡುವೆಯೇ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ನಡೆಯಿತು. ಯುದ್ಧಕಾಲಕ್ಕೆಂದು ಮಾಡಿದ ಕಟ್ಟಳೆ ಶಾಂತಿ ಕಾಲದಲ್ಲೂ ಉಳಿಯಬಯಸುತ್ತದೆ. ಇದು ನೀವು ನೆನಪಿಡಬೇಕಾದ ಮೊದಲ ಪಾಠ.

ಸೋಲಿನಿಂದ ಬಂದ ಸುಧಾರಣೆ

ಎರಡನೆಯ ಪಾಠ ಇದಕ್ಕೆ ತಿರುಗಾಮುರುಗಾ ಆದದ್ದು. ಇಂದಿನ ಇರಾಕ್ ದೇಶದ ಕೂತ್ ಎಂಬ ಪಟ್ಟಣದಲ್ಲಿ ಬ್ರಿಟಿಷ್ ಭಾರತದ ಪಡೆ ಐದು ತಿಂಗಳು ತುರ್ಕರ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಕಂಗೆಟ್ಟು, 1916ರ ಏಪ್ರಿಲ್ 29ರಂದು ಶರಣಾಯಿತು. ಸುಮಾರು 13,000 ಜನ ಸೆರೆಯಾದರು. ಅವರಲ್ಲಿ ಮರಾಠಾ ಪಲ್ಟನ್ನುಗಳೂ ಇದ್ದವು. ಬೆಳಗಾವಿಯಲ್ಲಿ ಇಂದು ನೀವು ಕಾಣುವ ಮರಾಠಾ ಲೈಟ್ ಇನ್‌ಫಂಟ್ರಿ ಅವುಗಳದೇ ಪರಂಪರೆ. ಔಷಧಿ ಇಲ್ಲದೆ, ದೋಣಿ ಇಲ್ಲದೆ ಗಾಯಾಳುಗಳು ನರಳಿದ ಸಂಗತಿ ಲಂಡನ್ನಿನಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ವಿಚಾರಣಾ ಆಯೋಗದ ವರದಿ ಬಂದ ಮೇಲೆ ಭಾರತ ಮಂತ್ರಿ ಆಸ್ಟೆನ್ ಚೇಂಬರ್ಲೇನ್ 1917ರ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಮಾಂಟೆಗೋ, ಆಗಸ್ಟ್ 20ರಂದು ಭಾರತೀಯರಿಗೆ ಹಂತಹಂತವಾಗಿ ಜವಾಬ್ದಾರಿ ಸರಕಾರ ಕೊಡುವ ಘೋಷಣೆ ಮಾಡಿದರು. ಅದರಿಂದಲೇ 1919ರ ಸುಧಾರಣೆಗಳು ಬಂದವು. ಕೇಳದೆ ಕಳಿಸಿದ ಜನರಿಗೆ ಏನಾದರೂ ಕೊಡಲೇಬೇಕಾಯಿತು.

ಧಾರವಾಡದ ಜಕಣಿ ಬಾವಿ

1918ರ ಜನವರಿಯಲ್ಲಿ ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್, ತುರ್ಕರ ಸ್ವಂತ ನಾಡನ್ನು ಕಸಿಯುವ ಉದ್ದೇಶ ತಮಗಿಲ್ಲ ಎಂದಿದ್ದರು. 1920ರ ಆಗಸ್ಟ್ 10ರ ಸೆವ್ರ್ ಒಪ್ಪಂದ ಆ ಮಾತನ್ನು ಸುಳ್ಳಾಗಿಸಿತು. ಅಷ್ಟರಲ್ಲಿ ಖಿಲಾಫತ್ ಚಳವಳಿ ಹಬ್ಬಿತ್ತು, ಗಾಂಧೀಜಿ ಅದನ್ನು ಅಸಹಕಾರದೊಂದಿಗೆ ಬೆಸೆದಿದ್ದರು. ಅದೇ ತಿಂಗಳು ಅವರು ಮೌಲಾನಾ ಶೌಕತ್ ಅಲಿಯವರ ಜೊತೆ ಮಂಗಳೂರಿಗೂ ಬೆಂಗಳೂರಿಗೂ ಬಂದರು.

1921ರ ಜುಲೈ 1ರಂದು ಧಾರವಾಡದಲ್ಲಿ ಸೇಂದಿ-ಸಾರಾಯಿ ಅಂಗಡಿಯ ಮುಂದೆ ಸ್ವಯಂಸೇವಕರು ಪಿಕೆಟಿಂಗ್ ನಡೆಸಿದ್ದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಮೂವರೂ ಖಿಲಾಫತ್ ಕಾರ್ಯಕರ್ತರು. ಜಕಣಿ ಬಾವಿಯ ಹತ್ತಿರ ಅವರ ಸ್ಮಾರಕವಿದೆ. ತುರ್ಕಿಯ ಸಲುವಾಗಿ ಹುಟ್ಟಿದ ನೋವು ಧಾರವಾಡದ ಬೀದಿಯಲ್ಲಿ ಹೆಂಡದ ವಿರುದ್ಧದ ಹೋರಾಟವಾಗಿ, ಹಿಂದೂ-ಮುಸ್ಲಿಮರು ಕೂಡಿ ನಿಂತ ಹೋರಾಟವಾಗಿ ಬದಲಾದದ್ದನ್ನು ನೋಡಿರಿ. ಅದೇ ವರ್ಷ ಕರಾಚಿ ಮೊಕದ್ದಮೆಯಲ್ಲಿ ಅಲಿ ಸಹೋದರರ ಪಕ್ಕದಲ್ಲಿ ಶಾರದಾಪೀಠದ ಶಂಕರಾಚಾರ್ಯ ಭಾರತೀಕೃಷ್ಣ ತೀರ್ಥರೂ ಆರೋಪಿಯಾಗಿ ನಿಂತಿದ್ದರು.

ನಮ್ಮ ಕಲ್ಯಾಣಿ, ನಮ್ಮ ಹುಮನಾಬಾದ್

ಹಾಗಾದರೆ ನಮ್ಮ ಕಡೆ ಏನಾಯಿತು? ಆಗ ಬಸವಕಲ್ಯಾಣಕ್ಕೆ ಕಲ್ಯಾಣಿ ಎಂದೇ ಹೆಸರು. ಅದು ನವಾಬರ ಜಾಗೀರು. ಹುಮನಾಬಾದೂ ನಿಜಾಮರ ರಾಜ್ಯದಲ್ಲೇ ಇತ್ತು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು 1914ರಲ್ಲೇ ಮುಸಲ್ಮಾನರು ಬ್ರಿಟಿಷರಿಗೆ ನಿಷ್ಠರಾಗಿರಬೇಕೆಂದು ಘೋಷಣೆ ಹೊರಡಿಸಿದ್ದರು. ಹೈದರಾಬಾದ್ ಲಾನ್ಸರ್ಸ್ ಎಂಬ ಕುದುರೆ ಪಡೆ ಮೈಸೂರಿನ ಪಡೆಯೊಂದಿಗೆ ಸೂಯೆಜ್ ಕಾಲುವೆಗೂ ಪ್ಯಾಲೆಸ್ಟೈನಿಗೂ ಹೋಗಿ ತುರ್ಕರ ವಿರುದ್ಧವೇ ಕಾದಾಡಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದ್, ಮೈಸೂರು ಮತ್ತು ಜೋಧಪುರದ ಆ ಸೈನಿಕರನ್ನೇ ನೆನಪಿಸುತ್ತವೆ. ನಿಜಾಮರು ಕೊಟ್ಟ ಹಣದಲ್ಲಿ ಬ್ರಿಟಿಷ್ ವಾಯುಪಡೆಯ ಒಂದು ದಳಕ್ಕೆ ವಿಮಾನಗಳು ಬಂದವು. 110ನೇ ಸಂಖ್ಯೆಯ ಆ ದಳಕ್ಕೆ 'ಹೈದರಾಬಾದ್' ಎಂದೇ ಹೆಸರಾಯಿತು. ಇದಕ್ಕೆಲ್ಲ ಪ್ರತಿಯಾಗಿ 1918ರಲ್ಲಿ ಅವರಿಗೆ ದೊಡ್ಡ ಬಿರುದುಗಳು ಸಿಕ್ಕವು.

1920ರಲ್ಲಿ ಹೈದರಾಬಾದ್ ನಗರದಲ್ಲಿ ಹಿಂದೂ-ಮುಸ್ಲಿಂ ಮುಖಂಡರು ಕೂಡಿಯೇ ಖಿಲಾಫತ್ ಸಭೆಗಳನ್ನು ನಡೆಸಿದರು. ನಿಜಾಮರು ಫರ್ಮಾನು ಹೊರಡಿಸಿ ಅವನ್ನು ನಿಲ್ಲಿಸಿದರು. 1921ರಲ್ಲಿ ಅನುಮತಿ ಇಲ್ಲದೆ ರಾಜಕೀಯ ಸಭೆಯನ್ನೇ ಮಾಡಬಾರದೆಂಬ ಆಜ್ಞೆ ಬಂತು. ಸಂಸ್ಥಾನದ ಜನ ತಮ್ಮ ರಾಜಕೀಯ ಪರಿಷತ್ತನ್ನು 1923ರಲ್ಲಿ ಕಾಕಿನಾಡದಲ್ಲಿ, 1926ರಲ್ಲಿ ಮುಂಬಯಿಯಲ್ಲಿ ಸೇರಿಸಬೇಕಾಯಿತು. ತಮ್ಮ ಮನೆಯ ಮಾತನ್ನು ಪರರ ಮನೆಯಲ್ಲಿ ಕೂತು ಆಡಿದಂತೆ!

ಇದರ ಪರಿಣಾಮ ಏನು? ಧಾರವಾಡದಲ್ಲಿ ಎರಡೂ ಸಮಾಜದ ತರುಣರು ಒಂದೇ ಪಿಕೆಟಿಂಗ್ ಸಾಲಿನಲ್ಲಿ ನಿಂತು ರಾಜಕೀಯ ಕಲಿತರು. ನಮ್ಮಲ್ಲಿ ಆ ಅಂಗಳಕ್ಕೆ ಬೀಗ ಬಿತ್ತು. ರಾಜಕೀಯ ಸಭೆ ಇಲ್ಲದಾಗ ಜನ ಬೇರೆ ಬೇರೆ ಧಾರ್ಮಿಕ ಸಂಘಟನೆಗಳ ಆಸರೆ ಹಿಡಿದರು. ಇವರ ಮಾತು ಅವರಿಗೆ ಕೇಳಿಸದಾಯಿತು, ಅವರ ಮಾತು ಇವರಿಗೆ ಕೇಳಿಸದಾಯಿತು. 1948ರಲ್ಲಿ ರಜಾಕಾರರ ಹಾವಳಿಯಲ್ಲೂ, ಪೊಲೀಸ್ ಕಾರ್ಯಾಚರಣೆಯ ನಂತರದ ರಕ್ತಪಾತದಲ್ಲೂ ನಮ್ಮ ಬೀದರ್ ಜಿಲ್ಲೆ ತೆತ್ತ ಬೆಲೆಯನ್ನು ಹಿರಿಯರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಅದಕ್ಕೆ ಕಾರಣಗಳು ಹಲವು. ಆದರೆ ಒಟ್ಟಿಗೆ ಕೂತು ಮಾತಾಡುವ ಜಾಗ ಕಾಲು ಶತಮಾನದಿಂದ ಮುಚ್ಚಿತ್ತು ಎಂಬುದೂ ಒಂದು ಕಾರಣವೆಂದು ನನಗನಿಸುತ್ತದೆ.

ನಮ್ಮ ತಪ್ಪುಗಳನ್ನೂ ಹೇಳಬೇಕು

ಇತಿಹಾಸ ಬರೆಯುವವನು ತನ್ನವರ ತಪ್ಪನ್ನು ಮುಚ್ಚಿಡಬಾರದು. 1920ರಲ್ಲಿ ಹಿಜ್ರತ್ ಎಂದು ಸಾವಿರಾರು ಬಡವರು ಹೊಲ-ಮನೆ ಮಾರಿ ಅಫ್ಘಾನಿಸ್ತಾನಕ್ಕೆ ಹೊರಟರು. ಅಲ್ಲಿ ಜಾಗವಿಲ್ಲದೆ ಬಹುತೇಕರು ಬರಿಗೈಯಲ್ಲಿ ಮರಳಿದರು, ಎಷ್ಟೋ ಜನ ದಾರಿಯಲ್ಲೇ ಸತ್ತರು. 1921ರ ಮಲಬಾರ್ ದಂಗೆಯಲ್ಲಿ ಬ್ರಿಟಿಷರ ಮೇಲಿನ ಸಿಟ್ಟು ನೆರೆಯ ನಿರಪರಾಧಿ ಹಿಂದೂ ಕುಟುಂಬಗಳ ಮೇಲೂ ತಿರುಗಿತು. ಸರಕಾರದ ಸೇಡು ಅದಕ್ಕಿಂತ ಕ್ರೂರವಾಗಿತ್ತು. ಬಳ್ಳಾರಿ ಜೈಲಿಗೆಂದು ತಿರೂರಿನಿಂದ ಮುಚ್ಚಿದ ರೈಲು ಡಬ್ಬಿಯಲ್ಲಿ ತುಂಬಿದ ಕೈದಿಗಳಲ್ಲಿ ಸುಮಾರು 70 ಮಂದಿ ಉಸಿರುಗಟ್ಟಿ ಸತ್ತರು. ಖಿಲಾಫತ್ ಚಂದಾದ ದೊಡ್ಡ ಮೊತ್ತ ಒಬ್ಬ ಪದಾಧಿಕಾರಿಯ ವ್ಯಾಪಾರದಲ್ಲಿ ಸಿಕ್ಕಿಕೊಂಡಿತು. ಹೆಂಗಸರು ಬಳೆ ಬಿಚ್ಚಿ ಕೊಟ್ಟ ಹಣದ ಲೆಕ್ಕ ತಪ್ಪಿದಾಗ ಜನರ ನಂಬಿಕೆಯೂ ತಪ್ಪಿತು. ಸಂಸ್ಥೆ ನಡೆಸುವ ಹಿರಿಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ವಿನಂತಿ.

ಕೊನೆಗೆ 1924ರ ಮಾರ್ಚ್ 3ರಂದು ತುರ್ಕರೇ ಖಿಲಾಫತ್ ಪದವಿಯನ್ನು ರದ್ದುಪಡಿಸಿದರು. ವಿಚಿತ್ರ ನೋಡಿ: ಖಿಲಾಫತ್ ಸಭೆಗಳನ್ನು ನಿಷೇಧಿಸಿದ್ದ ನಿಜಾಮರೇ ದೇಶಭ್ರಷ್ಟ ಖಲೀಫರಿಗೆ ಮಾಸಾಶನ ಕೊಟ್ಟರು. 1931ರಲ್ಲಿ ಖಲೀಫರ ಮಗಳು ದುರ್ರೆ ಶಹವಾರ್ ಮತ್ತು ಅದೇ ವಂಶದ ನೀಲೋಫರ್ ನಿಜಾಮರ ಸೊಸೆಯರಾಗಿ ಬಂದರು. ಮಗುವಿಗೆ ಕಾಯಿಲೆ ಹೆಚ್ಚಾದರೆ ನಮ್ಮ ಕಡೆಯವರು ಹೈದರಾಬಾದಿನ ನೀಲೋಫರ್ ಆಸ್ಪತ್ರೆಗೆ ಓಡುತ್ತೇವಲ್ಲ, ಅದು ಆ ರಾಜಕುಮಾರಿಯ ಹೆಸರೇ.

ಉಳಿದದ್ದು ಶಾಲೆ

ಖಿಲಾಫತ್ ಉಳಿಯಲಿಲ್ಲ, ತುರ್ಕಿಯ ಸಾಮ್ರಾಜ್ಯವೂ ಉಳಿಯಲಿಲ್ಲ. ಉಳಿದದ್ದು ಒಂದು ವಿದ್ಯಾಸಂಸ್ಥೆ. ಸರಕಾರಿ ನೆರವಿನ ಶಿಕ್ಷಣ ಬೇಡವೆಂದು ಅಲೀಗಢ ಕಾಲೇಜಿನಿಂದ ಹೊರಬಂದ ವಿದ್ಯಾರ್ಥಿಗಳು, ಅಧ್ಯಾಪಕರು 1920ರ ಅಕ್ಟೋಬರ್ 29ರಂದು ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಸ್ಥಾಪಿಸಿದರು. ಮಾಲ್ಟಾದಿಂದ ಬಿಡುಗಡೆಯಾಗಿ ಬಂದ ಶೈಖುಲ್ ಹಿಂದ್ ಕಾಯಿಲೆಯಲ್ಲೇ ಬಂದು ಅದನ್ನು ಉದ್ಘಾಟಿಸಿದರು. ಒಂದು ತಿಂಗಳಲ್ಲಿ ತೀರಿಕೊಂಡರು. ಹೊರಬಂದ ವಿದ್ಯಾರ್ಥಿಗಳಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಜಾಕಿರ್ ಹುಸೇನ್ ಎಂಬ ತರುಣನಿದ್ದ. ಚಳವಳಿ ಕುಸಿದು ಹಣ ಬತ್ತಿದಾಗ, 1928ರಲ್ಲಿ ಅವರೂ ಅವರ ಸಂಗಡಿಗರೂ ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯದೆ ಇಪ್ಪತ್ತು ವರ್ಷ ದುಡಿಯುವ ಪ್ರತಿಜ್ಞೆ ಮಾಡಿದರು. 1967ರಲ್ಲಿ ಅದೇ ಶಿಕ್ಷಕ ಭಾರತದ ರಾಷ್ಟ್ರಪತಿಯಾದರು.

ಅದೇ 1967ರಲ್ಲಿ ಅಮೆರಿಕದಲ್ಲಿ ಇನ್ನೊಬ್ಬ ಮುಹಮ್ಮದ್ ಅಲಿ, ಕುಸ್ತಿಪಟುವಲ್ಲ, ಬಾಕ್ಸಿಂಗ್ ಪಟು, ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆನೆಂದು ಪದವಿ ಕಳೆದುಕೊಂಡರು. ಆ ಯುದ್ಧವೂ ಜನರಿಗೆ ಬೇಡವಾಗಿತ್ತು. ಅದರಿಂದಾಗಿ 1968ರಲ್ಲಿ ಅಧ್ಯಕ್ಷ ಜಾನ್ಸನ್ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಹದಿನೆಂಟಕ್ಕೆ ಯುದ್ಧಕ್ಕೆ ಕಳಿಸುವವರು ಮತದ ಹಕ್ಕೇಕೆ ಕೊಡುವುದಿಲ್ಲ ಎಂಬ ಪ್ರಶ್ನೆ ಎದ್ದು, 1971ರಲ್ಲಿ ಅಲ್ಲಿ 18 ವರ್ಷದವರಿಗೆ ಮತದಾನದ ಹಕ್ಕು ಬಂತು. ದೇಶ ಬೇರೆಯಾದರೂ ರೀತಿ ಒಂದೇ: ಕೇಳದೆ ಹೊರಿಸಿದ ಯುದ್ಧ ಜನರನ್ನು ಪ್ರಶ್ನೆ ಕೇಳುವವರನ್ನಾಗಿ ಮಾಡುತ್ತದೆ. ಸರಕಾರ ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಸುಧಾರಣೆ, ಬಾಯಿ ಮುಚ್ಚಿಸಿದರೆ ಒಳಗೊಳಗೇ ಕೊಳೆಯುವ ಗಾಯ.

ವಿದ್ಯಾರ್ಥಿ ಮಿತ್ರರೇ, ದೂರದ ಯುದ್ಧದ ಸುದ್ದಿ ಇಂದು ಕ್ಷಣಾರ್ಧದಲ್ಲಿ ನಿಮ್ಮ ಮೊಬೈಲಿಗೆ ಬರುತ್ತದೆ. ನೊಂದವರಿಗಾಗಿ ಮನಸ್ಸು ನೋಯಲಿ, ಅದು ತಪ್ಪಲ್ಲ. ಆದರೆ ಸಿಂಗಾಪುರದ ಸಿಪಾಯಿಗಳಂತೆ ವದಂತಿ ನಂಬಬೇಡಿ, ಹಿಜ್ರತ್‌ಗೆ ಹೊರಟವರಂತೆ ಹೊಲ-ಮನೆ ಬಿಡಬೇಡಿ, ಮಲಬಾರಿನಲ್ಲಾದಂತೆ ನೆರೆಯವನ ಮೇಲೆ ಸಿಟ್ಟು ತೀರಿಸಬೇಡಿ. ಹನ್ನೆರಡನೆಯ ಶತಮಾನದಲ್ಲಿ ಶರಣರು ಜಾತಿ-ಕಸುಬು ನೋಡದೆ ಒಟ್ಟಿಗೆ ಕೂತು ಮಾತಾಡಿದ ಊರು ನಮ್ಮದು. ಆ ಕೂಡುವ ಜಾಗಕ್ಕೆ ಮತ್ತೆ ಬೀಗ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಪಾಲಿನ ಕೆಲಸ.

ಆ ಹುಡುಗನಿಗೆ ನೋಟನ್ನು ಹಿಂದಿರುಗಿಸಿದೆ. "ಇದು ಈಗ ನಡೆಯುತ್ತದೆಯೇ ಸರ್?" ಎಂದು ಕೇಳಿದ. ಅಂಗಡಿಯಲ್ಲಿ ನಡೆಯುವುದಿಲ್ಲ, ತರಗತಿಯಲ್ಲಿ ನಡೆಯುತ್ತದೆ ಎಂದೆ. ನಿಮ್ಮ ಮನೆಯ ಪೆಟ್ಟಿಗೆಗಳನ್ನೂ ಒಮ್ಮೆ ತೆರೆದು ನೋಡಿರಿ. ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.