ಸರ್ಗ್‌ನಿಂದ ಮರಳಿದವರು, ಅಮ್ವಾಸ್‌ನಲ್ಲಿ ಉಳಿದವರು



2020ರ ಮಾರ್ಚ್ 27, ಶುಕ್ರವಾರ. ಕೊರೊನಾ ಲಾಕ್‌ಡೌನ್ ಶುರುವಾಗಿ ಮೂರನೇ ದಿನ. ರಾಮನಗರದ ನಮ್ಮ ಮಸೀದಿಯಲ್ಲಿ ಅಝಾನ್ ಆಯಿತು, ಆದರೆ ಜುಮಾಕ್ಕೆ ಜಮಾಅತ್ ಸೇರಲಿಲ್ಲ. ಗೇಟಿನ ಹೊರಗೆ ನಿಂತಿದ್ದ ಹಿರಿಯರೊಬ್ಬರು ಕೇಳಿದರು: "ಮೌಲಾನಾ, ಕಾಯಿಲೆಗೆ ಹೆದರಿ ಅಲ್ಲಾಹನ ಮನೆಗೆ ಬೀಗ ಹಾಕಿದ್ರಾ? ಈಮಾನ್ ಎಲ್ಲಿ ಹೋಯ್ತು?" ಅವರ ಕಣ್ಣಲ್ಲಿ ನೀರಿತ್ತು. ನನಗೂ ಅಂದು ಬಾಯಿ ಬರಲಿಲ್ಲ. ಅವರಿಗೆ ಹೇಳಬೇಕಿದ್ದ ಉತ್ತರ ಇತಿಹಾಸದಲ್ಲಿದೆ.

ಹಿಜರಿ 18ರ ಸುಮಾರು. ಖಲೀಫಾ ಹಝ್ರತ್ ಉಮರ್ (ರ) ಶಾಮ್ ದೇಶಕ್ಕೆ ಹೊರಟಿದ್ದರು. ಗಡಿಯ ಸರ್ಗ್ ಎಂಬಲ್ಲಿಗೆ ಬಂದಾಗ ಮುಂದೆ ಪ್ಲೇಗ್ ಹರಡಿದೆ ಎಂಬ ಸುದ್ದಿ ಸಿಕ್ಕಿತು. ಮುಹಾಜಿರರು, ಅನ್ಸಾರರು, ಕುರೈಶ್ ಹಿರಿಯರು, ಎಲ್ಲರ ಸಲಹೆ ಕೇಳಿ ಮರಳಲು ತೀರ್ಮಾನಿಸಿದರು. ಸೇನಾಪತಿ ಹಝ್ರತ್ ಅಬೂ ಉಬೈದಾ (ರ) ಕೇಳಿದ್ದೂ ನಮ್ಮ ಹಿರಿಯರ ಪ್ರಶ್ನೆಯನ್ನೇ: ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ? ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಗೆ ಹೋಗುತ್ತಿದ್ದೇವೆ ಎಂದರು ಉಮರ್. ಆಗ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಬಂದು ಪ್ರವಾದಿವರ್ಯರ (ಸ) ಆದೇಶ ತಿಳಿಸಿದರು: ಪಿಡುಗು ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೇ ಬಂದರೆ ಅಲ್ಲಿಂದ ಓಡಬೇಡಿ. ಉಮರ್ ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು.

ಬೈತುಲ್ ಮುಕದ್ದಸ್ ಬಳಿಯ ಅಮ್ವಾಸ್‌ನಿಂದ ಹಬ್ಬಿದ ಆ ಪಿಡುಗು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಉಮರ್ ಪತ್ರ ಬರೆದು ಅಬೂ ಉಬೈದಾರನ್ನು ಮದೀನಾಕ್ಕೆ ಕರೆದರು. ತಮ್ಮ ಸೈನಿಕರನ್ನು ಬಿಟ್ಟು ಬರಲಾರೆ ಎಂದು ಅವರು ಉತ್ತರಿಸಿದರು, ಅಲ್ಲಿಯೇ ಮರಣ ಹೊಂದಿದರು. ಅವರ ನಂತರ ಹೊಣೆ ಹೊತ್ತ ಹಝ್ರತ್ ಮುಆದ್ ಬಿನ್ ಜಬಲ್ (ರ) ಕೂಡ ತೀರಿಕೊಂಡರು. ಬಳಿಕ ಹಝ್ರತ್ ಅಮ್ರ್ ಬಿನ್ ಆಸ್ (ರ) ಜನರನ್ನು ಬೆಟ್ಟಗಳಿಗೆ ಚದುರಿಸಿದರು. ಪಿಡುಗು ಇಳಿಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಹಳೇ ಮೈಸೂರಿನ ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದೂ ಹೀಗೆಯೇ.

ಗಮನಿಸಿ: ಒಬ್ಬರು ಮರಳಿದರು, ಒಬ್ಬರು ಉಳಿದರು. ಇಬ್ಬರೂ ಪಾಲಿಸಿದ್ದು ಒಂದೇ ಹದೀಸನ್ನು. ಮರಳಿದವರು ಹೇಡಿಯಲ್ಲ, ಉಳಿದವರು ಹಟಮಾರಿಯಲ್ಲ. ತಾನಿರುವ ಜಾಗದಲ್ಲಿ ಅಲ್ಲಾಹನ ಆಜ್ಞೆ ಏನೋ ಅದನ್ನು ಮಾಡಿ, ಫಲಿತಾಂಶವನ್ನು ಅವನಿಗೆ ಒಪ್ಪಿಸುವುದೇ ತವಕ್ಕುಲ್.

ನಮ್ಮ ರೇಷ್ಮೆ ರೈತನನ್ನು ನೋಡಿ. ಹುಳು ಮನೆಗೆ ಸುಣ್ಣ ಹಾಕುತ್ತಾನೆ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಆದರೂ ಗೂಡು ಕಟ್ಟಿಸುವವನು ಅಲ್ಲಾಹನೇ. ಎಚ್ಚರಿಕೆ ನಮ್ಮ ಕೆಲಸ, ಬೆಳೆ ಅವನ ಕೃಪೆ.

ಆ ವರ್ಷ ರಮಝಾನಿನ ತರಾವೀಹ್ ಮನೆಗಳಲ್ಲೇ ಆಯಿತು, ಈದ್ ನಮಾಝ್ ಕೂಡ. ಹಜ್ಜ್‌ಗೆ ಹೊರಟಿದ್ದವರು ಚೀಲ ಬಿಚ್ಚಿಟ್ಟರು. ಸಫ್‌ನಲ್ಲಿ ನಿಲ್ಲುವುದು ಇಬಾದತ್ ಆಗಿರುವಂತೆ, ಅಂದು ಮನೆಯಲ್ಲಿ ಉಳಿದದ್ದೂ ಇಬಾದತ್ ಆಗಿತ್ತು. ಆ ಹಿರಿಯರು ಸುರಿಸಿದ ಕಣ್ಣೀರನ್ನೂ ಅಲ್ಲಾಹನು ಸ್ವೀಕರಿಸಲಿ.

ಪರೀಕ್ಷೆಯ ದಿನ ನಮ್ಮ ಇಷ್ಟಕ್ಕಿಂತ ಅವನ ಆಜ್ಞೆಯನ್ನು ಮೇಲಿಡುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.