ಮುಡಿಯಿಂದ ತೊಟ್ಟೆಯವರೆಗೆ

ಘಟ್ಟದ ಮೇಲಿನ ಊರುಗಳಲ್ಲಿ ಅಂಗಡಿಯವನೆದುರು ನಿಂತು ‘ಒಂದು ಕವರ್ ಕೊಡಿ’ ಎಂದು ಕೇಳುವುದುಂಟು. ಉಡುಪಿಯ ರಥಬೀದಿಯಲ್ಲಾಗಲಿ, ಕಾರ್ಕಳದ ಪೇಟೆಯಲ್ಲಾಗಲಿ, ಕಾಪುವಿನ ಮೀನಿನ ಕಟ್ಟೆಯಲ್ಲಾಗಲಿ ಅದೇ ವಸ್ತುವಿಗೆ ‘ತೊಟ್ಟೆ’ ಎಂದು ಹೆಸರು. ಪ್ಲಾಸ್ಟಿಕ್ ಚೀಲವೆಂಬ ಈ ಪರದೇಶದ ಸರಕಿಗೆ ನಮ್ಮ ಜನ ತಮ್ಮದೇ ಮಾತೊಂದನ್ನು ಅಂಟಿಸಿ ಅದನ್ನು ಮನೆಯೊಳಗೆ ಕರೆದುಕೊಂಡರು. ಹೋದ ವರ್ಷ ತರಗತಿಯಲ್ಲಿ ಪಾಠದ ನಡುವೆ ‘ಮುಡಿ’ ಎಂಬ ಮಾತು ಬಂದಿತು. ಅರ್ಥವೇನೆಂದು ಕೇಳಿದೆ. ಹೆಂಗಸರ ತಲೆಯ ಮುಡಿ ಎಂದರು ಹಲವರು, ಅದೂ ಸರಿಯೇ. ಆದರೆ ಅಕ್ಕಿಮುಡಿಯನ್ನು ಕಣ್ಣಾರೆ ಕಂಡವರು ಇಬ್ಬರೋ ಮೂವರೋ. ತೊಟ್ಟೆಯನ್ನು ಅರಿಯದವರು ಮಾತ್ರ ಒಬ್ಬರೂ ಇರಲಿಲ್ಲ. ಈ ಎರಡು ಮಾತುಗಳ ನಡುವೆ ನಮ್ಮ ಮನೆಗಳ ಒಂದು ಸಣ್ಣ ಚರಿತ್ರೆಯೇ ಅಡಗಿದೆ ಎಂದು ನನಗೆ ಆಗ ತೋರಿತು.

ಮುಡಿಯೆಂದರೆ ಬೈಹುಲ್ಲನ್ನು ಹರಡಿ, ಅದರ ಮೇಲೆ ಅಕ್ಕಿ ಸುರಿದು, ಹುಲ್ಲನ್ನು ಸುತ್ತಲೂ ಮಡಚಿ, ಹುಲ್ಲಿನ ಹಗ್ಗದಿಂದಲೇ ಬಿಗಿದು, ಬಡಿದು ಗುಂಡಗೆ ಮಾಡಿದ ಕಟ್ಟು. ಅದು ಚೀಲವೂ ಹೌದು, ಅಳತೆಯೂ ಹೌದು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂಬುದು ಈ ಸೀಮೆಯ ವಾಡಿಕೆಯ ಲೆಕ್ಕ. ಗದ್ದೆಯ ಯೋಗ್ಯತೆಯನ್ನು ಮುಡಿಯಲ್ಲಿ ಹೇಳುತ್ತಿದ್ದರು. ಒಡೆಯನಿಗೆ ಗೇಣಿಯನ್ನು ಮುಡಿಯಲ್ಲಿ ಅಳೆಯುತ್ತಿದ್ದರು. ಅಕ್ಕಿ ಮುಗಿದ ಮೇಲೆ ಹುಲ್ಲು ಹಟ್ಟಿಗೆ ಹೋಗುತ್ತಿತ್ತು. ಹಟ್ಟಿಯಿಂದ ಗೊಬ್ಬರವಾಗಿ ಮತ್ತೆ ಗದ್ದೆಗೆ. ಗದ್ದೆಯಿಂದ ಹುಟ್ಟಿದ ಚೀಲ ಗದ್ದೆಗೇ ಮರಳುತ್ತಿತ್ತು. 1974ರ ಭೂಸುಧಾರಣೆಯಿಂದ ಗೇಣಿ ನಿಂತಿತು, ಗೋಣಿಚೀಲ ಬಂದಿತು, ಮುಡಿ ಕಟ್ಟಬಲ್ಲ ಕೈಗಳು ವಿರಳವಾದವು. ಪರ್ಯಾಯಕ್ಕೆ ಮುನ್ನ ನಡೆಯುವ ಅಕ್ಕಿ ಮುಹೂರ್ತದಂದು ಮಾತ್ರ ಉಡುಪಿಯಲ್ಲಿ ಅಕ್ಕಿಮುಡಿಗೆ ಇಂದಿಗೂ ಮೆರವಣಿಗೆಯ ಮರ್ಯಾದೆಯುಂಟು.

ಪೇಟೆಯ ಸಣ್ಣ ಸಾಮಾನಿಗೆ ಬೇರೆ ಹೊದಿಕೆಗಳಿದ್ದವು. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಬಾಳೆಲೆಯಲ್ಲಿ ಸುತ್ತುವುದು ಹಳೆಯ ಕ್ರಮ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ. ಬೆಲ್ಲಕ್ಕೆ ಎಲೆ, ಬೇಳೆಗೆ ಹಳೆಯ ಪತ್ರಿಕೆಯ ಪೊಟ್ಟಣ, ಎಣ್ಣೆಗೆ ಮನೆಯಿಂದ ಒಯ್ದ ಕುಪ್ಪಿ. ಪೊಟ್ಟಣ ಕಟ್ಟಿದ ನೂಲನ್ನು ಸಹ ನನ್ನ ಅಜ್ಜಿ ಬಿಸಾಡುತ್ತಿರಲಿಲ್ಲ. ಉಂಡೆ ಸುತ್ತಿ ಗೋಡೆಯ ಗೂಡಿನಲ್ಲಿಡುತ್ತಿದ್ದಳು. ಯಾವ ವಸ್ತು ಕೈಗೆ ಬಂದರೂ ಆಕೆಯ ಮೊದಲ ಪ್ರಶ್ನೆ ಒಂದೇ: ‘ಇದು ಇನ್ನೆಷ್ಟು ಸಲಕ್ಕೆ ಬಂದೀತು?’

ಇಷ್ಟು ಹೇಳಿ ಹಿಂದಿನದೆಲ್ಲ ಚಿನ್ನವೆಂದು ಹಾಡಿಹೊಗಳಿದರೆ ಅದು ಚರಿತ್ರೆಯಾಗಲಾರದು. ಬೈಹುಲ್ಲಿನ ಆ ಸುಂದರವಾದ ಮುಡಿ ಒಕ್ಕಲಿನವನ ಬೆವರನ್ನು ಒಡೆಯನ ಕಣಜಕ್ಕೆ ಹೊತ್ತೊಯ್ದ ಮುಡಿಯೂ ಹೌದು. ಮನೆಮನೆಯ ಬುಟ್ಟಿ ಕುಕ್ಕೆಗಳನ್ನು ಕಾಡಿನ ಬೀಳಲುಗಳಿಂದ ಹೆಣೆದುಕೊಟ್ಟವರು ಕೊರಗರು. ಅವರ ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿಕೊಂಡ ನಾವು ಅವರನ್ನು ಜಗಲಿಗೆ ಹತ್ತಿಸಲಿಲ್ಲ. ಅಜಲು ಎಂಬ ಅವಮಾನದ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಸರಕಾರ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಪ್ಲಾಸ್ಟಿಕ್ ಬುಟ್ಟಿ ಬಂದಾಗ ಅವರ ಕಸುಬಿಗೆ ಏಟು ಬಿದ್ದಿತು. ಅದರ ಬದಲಿಗೆ ಏನನ್ನು ಕೊಡಬೇಕೆಂದು ಪೇಟೆ ಯೋಚಿಸಲಿಲ್ಲ. ಹಳೆಯ ಚೀಲಕ್ಕೆ ಮರಳೋಣ ಎನ್ನುವವರು ಹೆಣೆಯುವ ಕೈಗೆ ಸಲ್ಲುವ ಕೂಲಿಯ ಮಾತನ್ನೂ ಆಡಬೇಕು.

ಇನ್ನು ತೊಟ್ಟೆಯ ಜಾತಕ. ಪಾಲಿಥೀನ್ ಎಂಬ ದ್ರವ್ಯ 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಎಂಬ ಊರಿನ ರಾಸಾಯನಿಕ ಕಾರ್ಖಾನೆಯಲ್ಲಿ, ಬೇರೇನನ್ನೋ ಹುಡುಕುತ್ತಿದ್ದ ವಿಜ್ಞಾನಿಗಳಿಗೆ ಆಕಸ್ಮಿಕವಾಗಿ ದೊರೆಯಿತು. ಅದರಿಂದ ಎರಡು ಹಿಡಿಗಳುಳ್ಳ, ಬನಿಯನ್ನಿನ ಆಕಾರದ ಚೀಲವನ್ನು ರೂಪಿಸಿದವನು ಸ್ವೀಡನ್ನಿನ ಇಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್. ಅವನು ದುಡಿಯುತ್ತಿದ್ದ ಸೆಲ್ಲೋಪ್ಲಾಸ್ಟ್ ಕಂಪೆನಿಗೆ 1965ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅವನ ಮಗ ಮುಂದೆ ಹೇಳಿಕೊಂಡ ಸಂಗತಿಯೊಂದು ಕುತೂಹಲಕರವಾಗಿದೆ. ಕಾಗದದ ಚೀಲಕ್ಕಾಗಿ ಮರಗಳನ್ನು ಕಡಿಯುವುದು ತಪ್ಪಬೇಕು, ಜನ ಈ ಹಗುರವಾದ ಚೀಲವನ್ನು ಮತ್ತೆ ಮತ್ತೆ ಬಳಸಬೇಕು ಎಂಬುದು ಥುಲಿನ್ನನ ಉದ್ದೇಶವಾಗಿತ್ತಂತೆ. ತಾನೇ ಒಂದನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದನಂತೆ. ಒಂದು ಸಲ ಬಳಸಿ ಎಸೆಯುವುದಕ್ಕಾಗಿ ಹುಟ್ಟಿದ ವಸ್ತು ಅದಲ್ಲವೆಂದಾಯಿತು!

ವಿಚಿತ್ರವೆಂದರೆ, ಥುಲಿನ್ನನ ಹೆಸರನ್ನೇ ಕೇಳದ ನಮ್ಮ ಮನೆಯವರು ಅವನ ಇಷ್ಟದಂತೆಯೇ ನಡೆದರು. ನಾನು ಹುಡುಗನಾಗಿದ್ದ 1980ರ ದಶಕದಲ್ಲಿ ಕಾರ್ಕಳದ ಕಡೆಯ ನಮ್ಮ ಹಳ್ಳಿಯಲ್ಲಿ ತೊಟ್ಟೆ ಒಂದು ಆಸ್ತಿ. ಮುಂಬಯಿಯಿಂದಲೋ ದುಬಾಯಿಯಿಂದಲೋ ಬಂದ ನೆಂಟರು ಬಣ್ಣದ ಅಕ್ಷರವಿದ್ದ ಚೀಲವನ್ನು ಬಿಟ್ಟುಹೋದರೆ ಅದನ್ನು ಒರೆಸಿ, ಮಡಚಿ, ಹಾಸಿಗೆಯ ಅಡಿಯಲ್ಲಿಡುತ್ತಿದ್ದರು. ಇಸ್ತ್ರಿ ಹಾಕಿದಂತೆ ನೆಟ್ಟಗಾದ ಆ ಚೀಲ ಮದುವೆ ಮನೆಗೆ ಹೋಗುವಾಗ ಮಾತ್ರ ಹೊರಬರುತ್ತಿತ್ತು. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿನಲ್ಲಿ ಶಾಲೆಯ ಪುಸ್ತಕ ಒದ್ದೆಯಾಗದಂತೆ ಕಾಯ್ದದ್ದು ತೊಟ್ಟೆಯೇ. ಈ ಉಪಕಾರವನ್ನು ನಾನು ಮರೆಯಲಾರೆ. ಮಣಿಪಾಲದಲ್ಲಿ 1970ರ ದಶಕದಲ್ಲಿ ಕೆನರಾ ಹಾಲು ಒಕ್ಕೂಟ ತೊಡಗಿದ ಮೇಲೆ ಡೈರಿಯ ಹಾಲು ನಮ್ಮ ಪೇಟೆಗಳ ರೂಢಿಗೆ ಬಂದಿತು. ಮುಂದೆ ಪ್ಲಾಸ್ಟಿಕ್ ಪ್ಯಾಕೆಟ್ಟೂ ಬಂದಿತು. ಖಾಲಿ ಪ್ಯಾಕೆಟ್ಟನ್ನು ತೊಳೆದು ಬಟ್ಟೆಯ ಹಗ್ಗಕ್ಕೆ ಸಿಕ್ಕಿಸಿ ಒಣಗಿಸುತ್ತಿದ್ದರು. ಒಂದು ಭಾಗ ಗುಜರಿಯವನಿಗೆ; ಉಳಿದದ್ದರಲ್ಲಿ ಮಣ್ಣು ತುಂಬಿ ಮಲ್ಲಿಗೆಯ ಗೆಲ್ಲು ನೆಡುತ್ತಿದ್ದರು.

ಈ ರೂಢಿ ಕೆಟ್ಟದ್ದು ಹೇಗೆ? ಜನ ಏಕಾಏಕಿ ದುಂದುಗಾರರಾದರು ಎನ್ನುವುದು ಸುಲಭ. ನಿಜವಾಗಿ ಬದಲಾದದ್ದು ತೊಟ್ಟೆಯೇ. ಅದು ತೆಳುವಾಯಿತು, ತೆಳುವಾದಂತೆ ಅಗ್ಗವಾಯಿತು, ಕೊನೆಗೆ ಪುಕ್ಕಟೆಯಾಯಿತು. ಮನೆ ಮುಟ್ಟುವ ಮೊದಲೇ ಹಿಡಿ ಹರಿಯುವ ಚೀಲವನ್ನು ಯಾವ ಅಜ್ಜಿ ತಾನೆ ಕಾಪಾಡಿಯಾಳು? ಗುಜರಿಯವನಿಗೂ ಅದು ಬೇಡವಾಯಿತು. ನೂರಾರು ಹೆಕ್ಕಿದರೂ ಒಂದು ಕಿಲೋ ತೂಗದ ಸರಕಿಗೆ ಅವನು ಬೆನ್ನು ಬಗ್ಗಿಸುವುದು ಯಾವ ಲಾಭಕ್ಕಾಗಿ? ಸರಕಾರದ ನಿಯಮಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. 1999ರಲ್ಲಿ ಕೇಂದ್ರ ಸರಕಾರ ಚೀಲದ ದಪ್ಪ 20 ಮೈಕ್ರಾನಿಗಿಂತ ಕಡಿಮೆ ಇರಬಾರದೆಂದಿತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50, 2021ರಲ್ಲಿ 75, 2022ರ ಕೊನೆಯ ದಿನದಿಂದ 120. ಚೀಲ ದಪ್ಪವಾದರೆ ಬೆಲೆ ಬರುತ್ತದೆ, ಬೆಲೆ ಬಂದರೆ ಜನ ಕಾಪಾಡುತ್ತಾರೆ ಎಂಬುದು ಈ ಅಂಕೆಗಳ ಹಿಂದಿನ ತರ್ಕ. ಕರ್ನಾಟಕವಂತೂ 2016ರ ಮಾರ್ಚ್ 11ರ ಅಧಿಸೂಚನೆಯಿಂದ ಎಷ್ಟೇ ದಪ್ಪದ್ದಾಗಲಿ ಪ್ಲಾಸ್ಟಿಕ್ ಕೈಚೀಲವೇ ಕೂಡದೆಂದು ವಿಧಿಸಿತು. ಹಾಲಿನ ಪ್ಯಾಕೆಟ್ಟಿಗೂ ಸಸಿಯ ಚೀಲಕ್ಕೂ ಮಾತ್ರ ವಿನಾಯಿತಿ. ಆದರೂ ಮೀನಿನ ಕಟ್ಟೆಯಲ್ಲಿ ಕಪ್ಪು ತೊಟ್ಟೆ ಕಾಣುವುದು ತಪ್ಪಿಲ್ಲ. ಬಟ್ಟೆಯದೆಂದು ಜವಳಿ ಅಂಗಡಿಗಳು ಕೊಡುವ ನೇಯದ ಬಟ್ಟೆಯ ಚೀಲವೂ ಹೆಚ್ಚಾಗಿ ಪಾಲಿಪ್ರೊಪಿಲೀನೆಂಬ ಪ್ಲಾಸ್ಟಿಕ್ಕೇ ಆಗಿರುತ್ತದೆ. ಮಗ್ಗವನ್ನು ಅದು ಕಂಡದ್ದಿಲ್ಲ.

ಹಾಗಾದರೆ ಮನೆಯೊಳಗೆ ಈಗಾಗಲೇ ಸೇರಿರುವ ತೊಟ್ಟೆಗಳನ್ನು ಏನು ಮಾಡೋಣ? ಗಟ್ಟಿಯಾದದ್ದನ್ನು ಮಡಚಿ ಕೈಚೀಲದ ಮೂಲೆಯಲ್ಲಿಟ್ಟು ಮತ್ತೆ ಪೇಟೆಗೆ ಒಯ್ಯಬೇಕು. ತಳ ತೂತು ಮಾಡಿ ಸಸಿ ನೆಡಬಹುದು. ಮಳೆಗಾಲದಲ್ಲಿ ಪುಸ್ತಕಕ್ಕೋ ಒದ್ದೆ ಕೊಡೆಗೋ ಹೊದಿಸಬಹುದು. ಆದರೆ ಮರುಬಳಕೆಗೂ ಒಂದು ವಿವೇಕ ಬೇಕು. ಪ್ಲಾಸ್ಟಿಕ್ಕನ್ನು ಕರಗಿಸಿ ಮಾಡಿದ ಕಪ್ಪು ಬಣ್ಣದ ತೊಟ್ಟೆಯಲ್ಲಿ ತಿಂಡಿ ಕಟ್ಟಬಾರದು. ಬಣ್ಣದ ಮರುತಯಾರಿಕೆಯ ಚೀಲದಲ್ಲಿ ಆಹಾರ ಕೊಡುವುದನ್ನು 1999ರ ನಿಯಮವೇ ನಿಷೇಧಿಸಿತ್ತು. ಅಜ್ಜಿಯ ಕಾಲದ ಪತ್ರಿಕೆಯ ಪೊಟ್ಟಣವೂ ನಿರ್ದೋಷಿಯಲ್ಲ. ಶಾಯಿಯ ವಿಷದ ಕಾರಣದಿಂದ ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದನ್ನು 2018ರ ಆಹಾರ ಸುರಕ್ಷಾ ನಿಯಮ ತಡೆದಿದೆ.

ಇಲ್ಲಿ ನಮ್ಮ ಮನೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಬಚ್ಚಲಿನ ಹಂಡೆಯ ಒಲೆ ಹೊತ್ತಿಸಲು ತೆಂಗಿನ ಗರಿಯ ಜೊತೆಗೆ ಹರಿದ ತೊಟ್ಟೆಯನ್ನು ತುರುಕುವುದು ಎಷ್ಟೋ ವರ್ಷ ನಡೆಯಿತು. ಥಟ್ಟನೆ ಹೊತ್ತಿಕೊಳ್ಳುತ್ತದೆ ಎಂಬ ಸಂತೋಷ. ಒಲೆಯ ಮುಂದೆ ಕುಳಿತು ಆ ಹೊಗೆ ಕುಡಿದವಳು ನನ್ನ ತಾಯಿ. ಅದನ್ನು ನಾವು ಮಿತವ್ಯಯವೆಂದು ತಿಳಿದಿದ್ದೆವು. ಹೊರಗೆ ಎಸೆದರೂ ಅದು ದೂರ ಹೋಗದು. ಕಾರ್ಕಳದ ಕಡೆಯಿಂದ ಹರಿದುಬರುವ ಸ್ವರ್ಣೆಯ ನೀರನ್ನೇ ಬಜೆಯ ಅಣೆಕಟ್ಟಿನಿಂದ ಎತ್ತಿ ಉಡುಪಿ ಮಣಿಪಾಲಗಳು ಕುಡಿಯುತ್ತವೆ. ಮುಂದೆ ಆ ಹೊಳೆ ಕೋಡಿಬೆಂಗ್ರೆಯಲ್ಲಿ ಕಡಲಿಗೆ ಸೇರುತ್ತದೆ. 1901ರಿಂದ ಕಾಪುವಿನ ದೀಪಸ್ತಂಭ ಬೆಳಗುತ್ತಿರುವುದು ಅದೇ ಕಡಲನ್ನು. ಆದಕಾರಣ ಕೊನೆಗೆ ಹರಿದ ತೊಟ್ಟೆಯನ್ನು ತೊಳೆದು ಒಣಗಿಸಿ ಪಂಚಾಯತಿನ ಒಣಕಸದ ಗಾಡಿಗೆ ಕೊಡುವುದೊಂದೇ ದಾರಿ. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸವನ್ನು ಬೇರ್ಪಡಿಸಬಲ್ಲ ಘಟಕವಿದೆ. ಆದರೆ ಮೀನಿನ ನೀರು ಸೋರುವ ತೊಟ್ಟೆಯನ್ನು ಅಲ್ಲಿಗೆ ಕಳುಹಿಸಿದರೆ ಅದನ್ನು ಬಿಡಿಸುವ ಹೆಂಗಸಿನ ಕೈಗೆ ನಾವು ಅಪಚಾರ ಮಾಡಿದಂತೆಯೇ.

ಬಟ್ಟೆಯ ಚೀಲ ಕೊಂಡೊಡನೆ ಪುಣ್ಯ ಬಂದಿತೆಂದು ಬಗೆಯುವವರಿಗೂ ಒಂದು ಮಾತು. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದೇ ಸಲ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿಯ ಚೀಲ ವಾತಾವರಣದ ಮಟ್ಟಿಗೆ ಮೇಲೆನಿಸಬೇಕಾದರೆ ಅದನ್ನು 131 ಸಲ ಬಳಸಬೇಕು. ಹತ್ತಿ ಬೆಳೆಯುವುದಕ್ಕೂ ನೂಲುವುದಕ್ಕೂ ಅಷ್ಟು ಖರ್ಚಿದೆ. ಹತ್ತಿ ಕೊನೆಗೆ ಮಣ್ಣಾಗುತ್ತದೆ, ಪ್ಲಾಸ್ಟಿಕ್ ಆಗದು ಎಂಬ ಭೇದ ಇದ್ದೇ ಇದೆ. ಆದರೂ ಸಮ್ಮೇಳನಕ್ಕೊಂದು, ಉದ್ಘಾಟನೆಗೊಂದು ಎಂದು ಬಟ್ಟೆ ಚೀಲಗಳನ್ನು ರಾಶಿ ಹಾಕಿಕೊಂಡ ನನ್ನಂಥ ಅಧ್ಯಾಪಕನಿಗೆ ಈ ಅಂಕೆ ಮುಜುಗರ ತರುತ್ತದೆ.

ಮೊನ್ನೆ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುವ ತೊಟ್ಟೆಗಳ ಗಂಟನ್ನು ಬಿಚ್ಚಿದೆ. ಅರ್ಧಕ್ಕರ್ಧ ಮುಟ್ಟಿದರೆ ಪುಡಿಯಾಗುವಂತಿದ್ದವು. ಕಾಪಾಡಿದ್ದೆವೇ ಹೊರತು ಬಳಸಿರಲಿಲ್ಲ. ನಡುವೆ ಅಜ್ಜಿ ಹಳೆಯ ಸೀರೆಯ ಸೆರಗಿನಿಂದ ಹೊಲಿದ ಕೈಚೀಲವೊಂದು ಸಿಕ್ಕಿತು. ಹಿಡಿಯ ಬಳಿ ಎರಡು ತೇಪೆ, ತಳದಲ್ಲಿ ಒಂದು. ಅದು ಎಷ್ಟು ಸಲ ಪೇಟೆಗೆ ಹೋಗಿಬಂದಿದೆಯೋ ಲೆಕ್ಕ ಇಟ್ಟವರಿಲ್ಲ. ಮರುದಿನ ಅದನ್ನೇ ಹಿಡಿದು ತರಕಾರಿಗೆ ಹೋದೆ.