ಉತ್ಸಾಹ ಹರಿದ ಕಾಲುವೆ: ‘ಚಕ್ ದೇ! ಇಂಡಿಯಾ’ ಮತ್ತು ಗಡಿಸೀಮೆಯ ಪ್ರೇಕ್ಷಕ

ಮಹಿಳಾ ಹಾಕಿ ತಂಡದ ರಾಷ್ಟ್ರೀಯ ಶಿಬಿರಕ್ಕೆ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಹೆಸರು ಬರೆಸುತ್ತಿದ್ದಾರೆ. ಮೇಜಿನ ಹಿಂದೆ ಕುಳಿತ ಅಧಿಕಾರಿಗೆ ಆಂಧ್ರದ ನೇತ್ರಾ ರೆಡ್ಡಿಯ ಭಾಷೆ ತೆಲುಗೋ ತಮಿಳೋ ಎಂಬುದು ದೊಡ್ಡ ವಿಷಯವೇ ಅಲ್ಲ. ಎರಡಕ್ಕೂ ಅಂಥ ವ್ಯತ್ಯಾಸವೇನು ಎಂಬ ಧಾಟಿ ಅವನದು. ಪಂಜಾಬಿಗೂ ಬಿಹಾರಿಗೂ ಇರುವಷ್ಟೇ ಎಂದು ಅವಳು ತಣ್ಣಗೆ ಹೇಳುತ್ತಾಳೆ. ಅದೇ ಸಾಲಿನಲ್ಲಿ ಈಶಾನ್ಯ ರಾಜ್ಯಗಳ ಇಬ್ಬರು ಹುಡುಗಿಯರಿಗೆ ‘ಅತಿಥಿಗಳು’ ಎಂಬ ಸ್ವಾಗತ ಸಿಗುತ್ತದೆ. ಸ್ವಂತ ದೇಶದಲ್ಲೇ ಅತಿಥಿ ಅನ್ನಿಸಿಕೊಳ್ಳುವುದು ಯಾರಿಗೆ ಹಿತ?

ಚಿತ್ರದಲ್ಲಿ ಈ ದೃಶ್ಯ ಒಂದೆರಡು ನಿಮಿಷದಲ್ಲಿ ಮುಗಿದುಹೋಗುತ್ತದೆ. ಆದರೆ ಆಂಧ್ರದ ಗಡಿಗಂಟಿದ ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಕುಳಿತು ನೋಡುವವರಿಗೆ ಅದು ಅಷ್ಟು ಬೇಗ ಮುಗಿಯುವಂಥದ್ದಲ್ಲ. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಬೆರೆತ ಮಾತು, ಪಕ್ಕದ ಬೀದಿಯಲ್ಲಿ ದಖನಿ ಉರ್ದು: ಈ ಸೀಮೆಯ ಬದುಕು ನಡೆಯುವುದೇ ಹೀಗೆ. ಇಲ್ಲಿನ ಹುಡುಗಿ ಬೆಂಗಳೂರಿನ ಕಾಲೇಜಿಗೆ ಸೇರಿದರೆ ‘ನೀನು ತೆಲುಗಿನವಳಾ?’ ಎಂದು ಕೇಳುತ್ತಾರೆ, ಹಿಂದೂಪುರದ ನೆಂಟರ ಮನೆಗೆ ಹೋದರೆ ‘ಕನ್ನಡದವಳು’ ಎನ್ನುತ್ತಾರೆ. ನೇತ್ರಾ ಕೊಟ್ಟ ಉತ್ತರದ ಬೆಲೆ ಅಂಥವಳಿಗೆ ವಿವರಿಸದೆಯೇ ತಿಳಿಯುತ್ತದೆ.

‘ಚಕ್ ದೇ! ಇಂಡಿಯಾ’ 2007ರ ಆಗಸ್ಟ್ 10ರಂದು ತೆರೆಕಂಡಿತು. ಜೈದೀಪ್ ಸಾಹ್ನಿ ಬರೆದರು, ಶಿಮಿತ್ ಅಮಿನ್ ನಿರ್ದೇಶಿಸಿದರು, ಯಶ್ ರಾಜ್ ಸಂಸ್ಥೆ ನಿರ್ಮಿಸಿತು. ಪಾಕಿಸ್ತಾನದ ವಿರುದ್ಧ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಗುರಿ ತಪ್ಪಿ ದ್ರೋಹಿ ಎನ್ನಿಸಿಕೊಂಡ ಮಾಜಿ ನಾಯಕ ಕಬೀರ್ ಖಾನ್ ಆಗಿ ಶಾರುಖ್ ಖಾನ್ ನಟಿಸಿದರು. ಏಳು ವರ್ಷ ಮರೆಯಾಗಿದ್ದ ಅವನು ಯಾರಿಗೂ ಬೇಡವಾದ ಮಹಿಳಾ ತಂಡದ ಕೋಚ್ ಆಗಿ ಮರಳಿ, ಅದನ್ನು ವಿಶ್ವಕಪ್‌ವರೆಗೆ ಒಯ್ಯುವುದು ಕಥೆ. ಚಿತ್ರಕ್ಕೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಜನಪ್ರಿಯ ಚಿತ್ರದ ಗೌರವ ಸಂದಿತು. ಅದೇ 2007ರಲ್ಲಿ ಕೋಲಾರದಿಂದ ಬೇರೆಯಾಗಿ, ಚಿಂತಾಮಣಿ ಗೌರಿಬಿದನೂರುಗಳಿರುವ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿತು. ಹೊಸ ಜಿಲ್ಲೆ ಮತ್ತು ಹಾಕಿಯ ಹೊಸ ಹುರುಪು ಎರಡಕ್ಕೂ ಒಂದೇ ವಯಸ್ಸು.

ಪ್ರೇಕ್ಷಕರ ಪ್ರತಿಕ್ರಿಯೆ ಎಂದಾಗ ಶಿಳ್ಳೆ, ಚಪ್ಪಾಳೆ, ಕಣ್ಣೀರುಗಳ ಕಡೆಗೇ ಗಮನ ಹೋಗುತ್ತದೆ. ಇವೆಲ್ಲ ನಿಜವೇ, ಆದರೆ ಚಿತ್ರಮಂದಿರದ ಬಾಗಿಲಲ್ಲೇ ಉಳಿಯುವಂಥವು. ನಮ್ಮ ಕಾವ್ಯಮೀಮಾಂಸೆ ಇದಕ್ಕಿಂತ ಹರಿತವಾದ ಒಂದು ಉಪಕರಣವನ್ನು ಕೊಟ್ಟಿದೆ. ವೀರರಸದ ಸ್ಥಾಯಿಭಾವ ಉತ್ಸಾಹ. ಭಟ್ಟನಾಯಕ ಹೇಳಿದ ಸಾಧಾರಣೀಕರಣದಿಂದಾಗಿ ಒಬ್ಬನ ಭಾವ ಎಲ್ಲರ ಭಾವವಾಗುತ್ತದೆ; ಕಬೀರ್ ಖಾನನ ಅವಮಾನ ನೋಡುಗನ ಅವಮಾನವಾಗುವುದು ಹಾಗೆ. ಆದರೆ ಶೋಕಕ್ಕೂ ಉತ್ಸಾಹಕ್ಕೂ ಒಂದು ಅಂತರವಿದೆ. ಶೋಕ ಅತ್ತು ಹಗುರಾಗುತ್ತದೆ. ಉತ್ಸಾಹ ಕೆಲಸ ಹುಡುಕುತ್ತದೆ. ಹೀಗಾಗಿ ಸ್ಫೂರ್ತಿ ತುಂಬುವ ಕ್ರೀಡಾಚಿತ್ರದ ವಿಷಯದಲ್ಲಿ ಸಂಶೋಧಕ ಕೇಳಬೇಕಾದ ಪ್ರಶ್ನೆ ಇದು: ಅದು ಎಬ್ಬಿಸಿದ ಉತ್ಸಾಹ ಆಮೇಲೆ ಯಾವ ಕಡೆ ಹರಿಯಿತು? ನಂದಿಬೆಟ್ಟದ ಸುತ್ತ ಪಿನಾಕಿನಿ, ಪಾಲಾರ್, ಚಿತ್ರಾವತಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಾಡು ಇದು. ಕೆರೆ ತುಂಬಿ ಕೋಡಿ ಬಿದ್ದರೂ ಕಾಲುವೆ ಇದ್ದ ಗದ್ದೆಗಷ್ಟೇ ನೀರು ಎಂಬುದನ್ನು ಇಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಉತ್ಸಾಹ ಮೊದಲು ಹರಿದದ್ದು ಕ್ರಿಕೆಟ್ಟಿನ ಕಡೆಗೆ, ಅದೂ ಬರೀ ಆರು ವಾರಗಳಲ್ಲಿ. 2007ರ ಸೆಪ್ಟೆಂಬರ್ 24ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿ ಮೊದಲ ಟಿ-20 ವಿಶ್ವಕಪ್ ಗೆದ್ದಿತು. ಶಾರುಖ್ ಖಾನ್ ಅಂದು ಕ್ರೀಡಾಂಗಣದಲ್ಲೇ ಇದ್ದರು, ಸುಖ್ವಿಂದರ್ ಸಿಂಗ್ ದನಿಯ ಶೀರ್ಷಿಕೆ ಗೀತೆ ಅಲ್ಲಿ ಮೊಳಗಿತು. ಹಾಕಿ ಹುಡುಗಿಯರಿಗಾಗಿ ಕಟ್ಟಿದ ಹಾಡು ಅಲ್ಲಿಂದ ಕ್ರಿಕೆಟ್ ಗೆಲುವಿನ ಹಾಡಾಯಿತು. ಚಿತ್ರದೊಳಗೇ ಇದರ ಮುನ್ಸೂಚನೆ ಇದೆ. ತಂಡದ ಆಟಗಾರ್ತಿ ಪ್ರೀತಿ ಸಭರ್ವಾಲ್‌ಳನ್ನು ಮದುವೆಯಾಗಬೇಕಾದ ಹುಡುಗ ಕ್ರಿಕೆಟ್ ತಂಡದ ಉಪನಾಯಕ, ಅವಳ ಹಾಕಿ ಅವನ ಕಣ್ಣಿಗೆ ಹುಡುಗಾಟ. ಅವನಿಗೆ ಉತ್ತರ ಸಿಗಲೆಂದೇ ಸಹ ಆಟಗಾರ್ತಿ ಕೋಮಲ್ ಚೌಟಾಲ ತನ್ನ ಹಟ ಬಿಟ್ಟು ಪ್ರೀತಿಗೆ ಚೆಂಡು ಬಿಟ್ಟುಕೊಡುತ್ತಾಳೆ. ತೆರೆಯ ಮೇಲೆ ಹಾಕಿ ಗೆದ್ದಿತು.

ತೆರೆಯ ಆಚೆಗೆ ಏನಾಯಿತು ಎಂಬುದಕ್ಕೆ ಕರ್ನಾಟಕವೇ ಸಾಕ್ಷಿ. ಆ ಸೆಪ್ಟೆಂಬರ್ 9ರಂದು, ಟಿ-20 ಫೈನಲ್‌ಗೆ ಹದಿನೈದು ದಿನ ಮೊದಲು, ಚೆನ್ನೈಯಲ್ಲಿ ಭಾರತದ ಪುರುಷರ ಹಾಕಿ ತಂಡ ದಕ್ಷಿಣ ಕೊರಿಯಾವನ್ನು 7-2 ಗೋಲುಗಳಿಂದ ಸೋಲಿಸಿ ಏಷ್ಯಾ ಕಪ್ ಗೆದ್ದಿತ್ತು. ಎಸ್.ವಿ. ಸುನಿಲ್, ವಿ.ಆರ್. ರಘುನಾಥ್, ವಿಕ್ರಂ ಕಾಂತ್ ಆ ತಂಡದಲ್ಲಿದ್ದ ಕರ್ನಾಟಕದ ಹುಡುಗರು. ರಾಜ್ಯ ಸರ್ಕಾರ ಟಿ-20 ಗೆದ್ದ ಕ್ರಿಕೆಟಿಗರಿಗೆ ಬಹುಮಾನ ಘೋಷಿಸಿತು. ಹಾಕಿಯವರ ಸುದ್ದಿ ಎತ್ತಲಿಲ್ಲ. ಬೆಂಗಳೂರಿನಲ್ಲಿ ಉಪವಾಸ ಕೂರುವುದಾಗಿ ಆಟಗಾರರು ಹೇಳಿದಾಗ ದೇಶದ ಪತ್ರಿಕೆಗಳೆಲ್ಲ ತಿರುಗಿ ನೋಡಿದವು. ‘ಚಕ್ ದೇ’ ಇನ್ನೂ ಜನರ ಬಾಯಲ್ಲಿದ್ದ ದಿನಗಳವು. ಚಿತ್ರದ ಬಗ್ಗೆ ಬಂದ ಅಷ್ಟೂ ಪ್ರತಿಕ್ರಿಯೆಗಳಲ್ಲಿ ಇದಕ್ಕಿಂತ ಆಳವಾದದ್ದು ಕಾಣುವುದಿಲ್ಲ. ತಮ್ಮದೇ ಆಟದ ಕಥೆಗೆ ಚಪ್ಪಾಳೆ ತಟ್ಟಿದ ಊರಿನಲ್ಲಿ ತಾವು ಯಾರಿಗೂ ಕಾಣುತ್ತಿಲ್ಲ ಎಂದು ನಿಜವಾದ ಆಟಗಾರರು ಎದ್ದು ಹೇಳಿದರು. ಇಲ್ಲಿ ಇನ್ನೊಂದು ಮಾತು. ಟಿ-20 ತಂಡದಲ್ಲಿದ್ದ ರಾಬಿನ್ ಉತ್ತಪ್ಪ ಹುಟ್ಟಿ ಬೆಳೆದದ್ದು ಹಾಕಿಯ ಮನೆಯಲ್ಲೇ. ಅವರ ತಂದೆ ವೇಣು ಉತ್ತಪ್ಪ ಹಾಕಿಯ ಅಂಪೈರ್. ಜಗಳ ಆ ಆಟಕ್ಕೂ ಈ ಆಟಕ್ಕೂ ಇರಲಿಲ್ಲ. ಅದು ನೋಡುವ ಕಣ್ಣಿನ ಪ್ರಶ್ನೆ.

ಮರುವರ್ಷ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಬ್ರಿಟನ್‌ಗೆ ಸೋತು, 1928ರ ನಂತರ ಮೊದಲ ಬಾರಿಗೆ ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಿಂದ ಹೊರಗುಳಿಯಿತು.

ಕಬೀರನ ಕಥೆಯನ್ನು ನೆನಪಿಸುವ ಒಂದು ನಿಜಕಥೆಗೂ ಬೆಂಗಳೂರಿಗೂ ನಂಟಿದೆ. 1982ರ ದೆಹಲಿ ಏಷ್ಯಾಡ್ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ 7-1ರಿಂದ ಸೋತಾಗ ಗೋಲು ಕಾಯುತ್ತಿದ್ದವರು ಮೀರ್ ರಂಜನ್ ನೇಗಿ. ದೇಶಕ್ಕೆ ದ್ರೋಹ ಬಗೆದರೆಂಬ ಆರೋಪವನ್ನು ಅವರು ವರ್ಷಗಟ್ಟಲೆ ಹೊತ್ತರು. 1998ರ ಬ್ಯಾಂಕಾಕ್ ಏಷ್ಯಾಡ್‌ಗೆ ಅವರು ಗೋಲ್‌ಕೀಪರ್‌ಗಳ ತರಬೇತುದಾರರಾಗಿ ಹೋದರು. ಫೈನಲ್ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ತೀರ್ಮಾನವಾಗಬೇಕಾಗಿ ಬಂದಾಗ ಕೊರಿಯಾದ ಹೊಡೆತಗಳನ್ನು ತಡೆದು 32 ವರ್ಷಗಳ ಬಳಿಕ ಭಾರತಕ್ಕೆ ಚಿನ್ನ ತಂದವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಚಿತ್ರದ ಕೊನೆಯಲ್ಲಿ ಗೋಲ್‌ಕೀಪರ್ ವಿದ್ಯಾ ಶರ್ಮಾ ಗೋಲಿನ ಮುಂದೆ ನಿಂತಿರುತ್ತಾಳೆ. ಎದುರಿನವಳು ಎತ್ತ ಹೊಡೆಯುತ್ತಾಳೆಂದು ಕಬೀರ್ ತನ್ನ ಹಳೆಯ ಸೋಲಿನಿಂದಲೇ ಓದಿಬಿಡುತ್ತಾನೆ. ವಿದ್ಯಾ ಅತ್ತಿತ್ತ ಹಾರದೆ ನಿಂತಲ್ಲೇ ನಿಂತು ಚೆಂಡು ತಡೆಯುತ್ತಾಳೆ. ಚಿತ್ರ ನೋಡಿದವರಿಗೆ ಆ ನಿಲುವು ನೆನಪಿದೆ, ಬಲ್ಲಾಳರ ನಿಲುವು ನೆನಪಿರುವವರು ಕಡಿಮೆ. ನಂತರ ನೇಗಿ 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ಮಹಿಳಾ ತಂಡದ ಜೊತೆಗಿದ್ದರು. ಚಿತ್ರದ ನಟಿಯರಿಗೆ ಸ್ಟಿಕ್ ಹಿಡಿಯಲು ಕಲಿಸಿದವರೂ ಅವರೇ.

1982ರ ಬಗ್ಗೆ ಇನ್ನೊಂದು ಸಂಗತಿಯನ್ನು ಒತ್ತಿ ಹೇಳಲೇಬೇಕು. ಅದೇ ದೆಹಲಿ ಏಷ್ಯಾಡ್‌ನಲ್ಲಿ ಭಾರತದ ಮಹಿಳಾ ಹಾಕಿ ತಂಡ ಚಿನ್ನ ಗೆದ್ದಿತ್ತು. ಗಂಡಸರ ಸೋಲು ಕಾಲು ಶತಮಾನ ಕಾಡಿತು, ಹೆಂಗಸರ ಗೆಲುವನ್ನು ಕಥೆ ಮಾಡಿ ಹೇಳುವವರು ಸಿಗಲಿಲ್ಲ. ಕರ್ನಾಟಕದ ಮರೆವೂ ಚಿಕ್ಕದಲ್ಲ. 1960ರ ದಶಕದಲ್ಲಿ ಎಲ್ವೆರಾ, ರೀಟಾ, ಮೇ ಎಂಬ ಬ್ರಿಟ್ಟೋ ಸಹೋದರಿಯರು ಆಡುತ್ತಿದ್ದ ಮೈಸೂರು ರಾಜ್ಯ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅನ್ನು ಮತ್ತೆ ಮತ್ತೆ ಗೆದ್ದಿತು. ಎಲ್ವೆರಾ ಬ್ರಿಟ್ಟೋ 1965ರ ಅರ್ಜುನ ಪ್ರಶಸ್ತಿ ಪಡೆದರು. ಅವರು ತೀರಿಕೊಂಡದ್ದು 2022ರಲ್ಲಿ. ತೆರೆಯ ಮೇಲಿನ ಹದಿನಾರು ಹುಡುಗಿಯರನ್ನು ಹೆಸರು ಹಿಡಿದು ಕರೆಯಬಲ್ಲ ನಮಗೆ ಈ ಮೂವರ ಹೆಸರು ಹೇಳಲು ಬಾರದಿದ್ದರೆ ಅದು ನೋವಿನ ವಿಷಯ.

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಈ ಚಿತ್ರ ಹೇಗೆ ಓದಿಸಿಕೊಳ್ಳುತ್ತದೆ ಎಂದು ಯೋಚಿಸುವಾಗ ಎರಡು ದೃಶ್ಯಗಳು ಮುಂದೆ ಬರುತ್ತವೆ. ಮೊದಲನೆಯದು ಕಬೀರನ ಮನೆಯ ಗೋಡೆಯ ಮೇಲೆ ಬರೆದ ‘ದ್ರೋಹಿ’ ಎಂಬ ಮಾತು. ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ತಲೆಮಾರುಗಳಿಂದ ತೊಡಗಿರುವ ಮುಸ್ಲಿಂ ಕುಟುಂಬಗಳು ಬಹಳ ಇರುವ ಊರು ಅದು. ದಖನಿ ಆಡುವ ಕಿವಿಗೆ ಚಿತ್ರದ ಹಿಂದಿ ಸಂಭಾಷಣೆ ಅರ್ಥವಾಗಲು ಅಡಿಬರಹ ಬೇಕಿಲ್ಲ, ಆ ಗೋಡೆಯ ಅಕ್ಷರದ ಭಾರ ತಿಳಿಯಲು ಟಿಪ್ಪಣಿಯೂ ಬೇಕಿಲ್ಲ. ಕಬೀರ್ ತನ್ನ ನಿಷ್ಠೆಯ ಬಗ್ಗೆ ಎಲ್ಲೂ ಭಾಷಣ ಮಾಡುವುದಿಲ್ಲ. ಬೆಳಗಾಗೆದ್ದು ಮೈದಾನಕ್ಕೆ ಹೋಗುತ್ತಾನೆ, ಕೆಲಸ ಮಾಡುತ್ತಾನೆ. ಚಿತ್ರದ ಘನತೆ ಇರುವುದು ಈ ಸಂಯಮದಲ್ಲಿ.

ಎರಡನೆಯದು ಪುರುಷರ ತಂಡದ ಜೊತೆಗಿನ ಪಂದ್ಯ. ಮಹಿಳಾ ತಂಡವನ್ನು ವಿಶ್ವಕಪ್‌ಗೆ ಕಳಿಸುವುದಿಲ್ಲ ಎಂದಾಗ ಕಬೀರ್ ಪುರುಷರ ವಿರುದ್ಧ ಒಂದು ಪಂದ್ಯ ಆಡಿಸಲು ಒಪ್ಪಿಸುತ್ತಾನೆ. ಹುಡುಗಿಯರು ಸೋಲುತ್ತಾರೆ. ಸೋತ ಮೇಲೆ, ಗೆದ್ದ ಗಂಡಸರು ತಮ್ಮ ಸ್ಟಿಕ್ಕುಗಳನ್ನು ಎತ್ತಿ ಅವರಿಗೆ ವಂದಿಸುತ್ತಾರೆ. ಕುದಿಯುವ ನೀರಿನ ಬೇಸಿನ್ ಮುಂದೆ ದಿನವಿಡೀ ನಿಂತು, ಬೆಂದ ಗೂಡಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯನ್ನು ಬೆರಳ ತುದಿಯಲ್ಲಿ ಹುಡುಕುವ ಹೆಣ್ಣುಮಕ್ಕಳ ಊರಿನಲ್ಲಿ ಈ ದೃಶ್ಯಕ್ಕೆ ಬೇರೊಂದು ಅರ್ಥ ಹುಟ್ಟುತ್ತದೆ. ಇಲ್ಲಿ ಸಂದದ್ದು ಗೆಲುವಿಗೆ ಕೊಟ್ಟ ಬಹುಮಾನವಲ್ಲ, ದುಡಿಮೆಗೆ ಕೊಟ್ಟ ಮರ್ಯಾದೆ. ವಿಶ್ವಕಪ್ ಗೆಲ್ಲುವ ಗಳಿಗೆಗಿಂತ ಈ ಗಳಿಗೆಯೇ ದೊಡ್ಡದೆಂದು ಈ ಲೇಖನದ ನಿಲುವು.

2021ರ ಆಗಸ್ಟ್ 2ರಂದು ಟೋಕಿಯೊದಲ್ಲಿ ಗುರ್ಜಿತ್ ಕೌರ್ ಹೊಡೆದ ಒಂದೇ ಗೋಲಿನಿಂದ ಭಾರತದ ಮಹಿಳೆಯರು ಆಸ್ಟ್ರೇಲಿಯಾವನ್ನು ಸೋಲಿಸಿ ಒಲಿಂಪಿಕ್ಸ್ ಸೆಮಿಫೈನಲ್ ತಲುಪಿದಾಗ, ದೇಶದ ಬಾಯಿಗೆ ತಟ್ಟನೆ ಬಂದದ್ದು ಚಿತ್ರದ ಹೆಸರು. ಚಿತ್ರದಲ್ಲೂ ಕೊನೆಯ ಎದುರಾಳಿ ಆಸ್ಟ್ರೇಲಿಯಾವೇ. ಮನೆಗೆ ಬರುವುದು ಇನ್ನೂ ತಡವಾಗುತ್ತದೆಂದು ಕೋಚ್ ಶೋರ್ಡ್ ಮರೈನ್ ತಮ್ಮ ಕುಟುಂಬದ ಕ್ಷಮೆ ಕೋರಿ ಟ್ವಿಟರ್‌ನಲ್ಲಿ ಬರೆದರು. ಮಾಜಿ ಕೋಚ್ ಕಬೀರ್ ಖಾನ್ ಎಂದು ಸಹಿ ಹಾಕಿ ಶಾರುಖ್ ಚಿನ್ನ ತರಲು ಹೇಳಿದರು. ಮರೈನ್ ಕೃತಜ್ಞತೆ ಹೇಳಿ, ತಾವು ನಿಜವಾದ ಕೋಚ್ ಎಂದು ಸಹಿ ಹಾಕಿದರು. ಆ ಸಹಿ ನಗಿಸಿತು, ಜೊತೆಗೆ ಒಂದು ಸತ್ಯವನ್ನೂ ನೆನಪಿಸಿತು: 2020ರ ಲಾಕ್‌ಡೌನ್‌ನಲ್ಲಿ ಈ ತಂಡ ತಿಂಗಳುಗಟ್ಟಲೆ ಹೊರಗೆ ಕಾಲಿಡದೆ ಉಳಿದದ್ದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ, ಚಿಕ್ಕಬಳ್ಳಾಪುರದಿಂದ ಎರಡು-ಮೂರು ಗಂಟೆಯ ಬಸ್ ದಾರಿಯಲ್ಲಿ. ಆಗಸ್ಟ್ 6ರಂದು ಕಂಚಿನ ಪಂದ್ಯವನ್ನು ಬ್ರಿಟನ್‌ಗೆ 3-4ರಿಂದ ಸೋತರೂ ಹೆಚ್ಚಿನ ಜನ ಅವರನ್ನು ಹಳಿಯಲಿಲ್ಲ. 1982ರ ಗೋಲ್‌ಕೀಪರ್‌ಗೆ ಸಿಕ್ಕ ಶಿಕ್ಷೆ 2021ರವರಿಗೆ ಸಿಗಲಿಲ್ಲ. ಸೋತವರನ್ನು ನೋಡುವ ಬಗೆಯನ್ನು ತಿದ್ದುವುದರಲ್ಲಿ ಈ ಚಿತ್ರದ ಪಾಲೂ ಇದೆಯೆಂದು ಧೈರ್ಯವಾಗಿ ಹೇಳಬಹುದು.

ಆದರೆ ಎದ್ದ ಉತ್ಸಾಹ ಹರಿಯಲು ಕಾಲುವೆ ಇದೆಯೇ ಎಂಬ ಪ್ರಶ್ನೆ ಉಳಿದೇ ಇದೆ. ಕೊಡಗಿನಲ್ಲಿ ಕಾಲುವೆ ಮೊದಲೇ ಇತ್ತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕುಟುಂಬ ಹಾಕಿ ಉತ್ಸವದಲ್ಲಿ ಹೆಣ್ಣುಮಕ್ಕಳೂ ಮನೆತನದ ತಂಡದಲ್ಲಿ ಆಡುತ್ತಾರೆ. ಸಿನಿಮಾ ನೋಡಿ ಹುರುಪಾದ ಅಲ್ಲಿನ ಹುಡುಗಿಗೆ ಮರುದಿನವೇ ಸ್ಟಿಕ್ ಸಿಗುತ್ತದೆ. ಬಯಲುಸೀಮೆಯ ಸರ್ಕಾರಿ ಪ್ರೌಢಶಾಲೆಯ ಹುಡುಗಿಗೆ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಸಿಗುವುದು ಕಬಡ್ಡಿ, ಖೊಖೊ, ಥ್ರೋಬಾಲ್. ಕಲ್ಲು ಆಯ್ದು ಸುಣ್ಣದ ಗೆರೆ ಎಳೆದರೆ ಅಂಗಳ ಸಿದ್ಧ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಕೃತಕ ಹುಲ್ಲಿಗೆ ಹೋದ ಹಾಕಿ ಅಂಥ ಅಂಗಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಹಾಗಾಗಿ ಅವಳು ಚಿತ್ರದಿಂದ ಪಡೆದದ್ದನ್ನು ಖೊಖೊ ಅಂಗಳದಲ್ಲೇ ಖರ್ಚು ಮಾಡಬೇಕಾಗುತ್ತದೆ. ಅದೂ ಸಣ್ಣ ಮಾತೇನಲ್ಲ. ಕ್ರಿಕೆಟ್ಟಿಗಾದರೋ ಕಾಲುವೆ ಮನೆ ಬಾಗಿಲಿಗೇ ಬಂದಿದೆ: 2024ರ ಜನವರಿಯಲ್ಲಿ ಮುದ್ದೇನಹಳ್ಳಿಯ ಕ್ರೀಡಾಂಗಣದಲ್ಲಿ ಸಚಿನ್ ತೆಂಡೂಲ್ಕರ್, ಯುವರಾಜ್ ಸಿಂಗ್ ಅವರೇ ಬಂದು ಆಡಿದರು.

ಚಿಂತಾಮಣಿಯಿಂದ ಮದನಪಲ್ಲಿಯ ಕಡೆಗೆ ಹೊರಟರೆ ಸಿಗುವುದು ಹಳೆಯ ಚಿತ್ತೂರು ಜಿಲ್ಲೆ. ಆ ಜಿಲ್ಲೆಯ ಒಂದು ಹಳ್ಳಿಯಿಂದ ಬಂದ ರಜನಿ ಎಟಿಮರ್ಪು ಭಾರತ ಮಹಿಳಾ ತಂಡದ ಗೋಲ್‌ಕೀಪರ್ ಆದರು. ಮನೆಮಾತು ತೆಲುಗು, ಆಟ ಹಾಕಿ. ನೇತ್ರಾ ರೆಡ್ಡಿ ತೆರೆಯ ಮೇಲೆ ನಿಂತಿದ್ದ ಶಿಬಿರದ ಸಾಲಿನಲ್ಲಿ ಈ ಸೀಮೆಯ ಪಕ್ಕದ ಮನೆಯ ಹುಡುಗಿಯೊಬ್ಬಳು ನಿಜವಾಗಿಯೂ ಬಂದು ನಿಂತಳು. ಚಿಕ್ಕಬಳ್ಳಾಪುರದ ದೈಹಿಕ ಶಿಕ್ಷಕರು ಶಾಲೆಯಲ್ಲಿ ಈ ಚಿತ್ರ ತೋರಿಸುವ ದಿನ ರಜನಿಯ ಹೆಸರನ್ನೂ ಹೇಳಬೇಕು, ಅವರ ಹಳ್ಳಿ ಗಡಿಯಾಚೆ ಎಲ್ಲಿದೆ ಎಂಬುದನ್ನು ನಕಾಶೆಯಲ್ಲಿ ತೋರಿಸಬೇಕು.